ಏಳು ನಿಮಿಷದ ಪಾಠ

“ಗುರುಗಳೇ, ನಾನು ಹೇಳಬೇಕಾದುದನ್ನೆಲ್ಲ ಒಂದು ಯಂತ್ರ ನನಗಿಂತ ಚೆನ್ನಾಗಿ ಹೇಳುತ್ತದೆ. ಇನ್ನು ತರಗತಿಯಲ್ಲಿ ನನ್ನ ಕೆಲಸವೇನು?”

ಹೀಗೆ ಕೇಳಿದವಳು ನೀಲಾಂಬಿಕೆ. ಅವಳು ಆರು ವರ್ಷಗಳಿಂದ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದಳು. ಶಿಕ್ಷಕರ ತರಬೇತಿಯಲ್ಲಿ ತನಗೆ ಕಲಿಸಿದ ಹಿರಿಯರನ್ನು ಪ್ರತಿ ರಜೆಯಲ್ಲೂ ಬಂದು ಕಾಣುವುದು ಅವಳ ರೂಢಿ. ಅವರು ನಿವೃತ್ತರಾಗಿ ಊರಿನ ಮಠದ ಪಕ್ಕದ ಕೋಣೆಯಲ್ಲಿ ಇದ್ದರು. ಕಲಿತವರೂ ಕಲಿಯದವರೂ ಅವರನ್ನು ಗುರುಗಳು ಎಂದೇ ಕರೆಯುತ್ತಿದ್ದರು.

ನೀಲಾಂಬಿಕೆಯ ಶಾಲೆಗೆ ಆ ವರ್ಷ ಗೋಡೆಯಗಲದ ಪರದೆ ಬಂದಿತ್ತು. ಅದರಲ್ಲಿ ಗ್ರಹಗಳು ಸುತ್ತುತ್ತಿದ್ದವು, ಹೃದಯ ಮಿಡಿಯುತ್ತಿತ್ತು. ಮಕ್ಕಳು ಬಾಯಿ ತೆರೆದು ನೋಡುತ್ತಿದ್ದರು. ಅವಳು ಬಾಗಿಲ ಬಳಿ ನಿಂತಿರುತ್ತಿದ್ದಳು.

ಗುರುಗಳು, “ಕೂತುಕೋ ತಾಯಿ. ಒಬ್ಬ ಉಪಾಧ್ಯಾಯನ ಕತೆ ಹೇಳುತ್ತೇನೆ” ಎಂದರು.

ಕಂಬಳಿ ನೇಯುವವರ ಒಂದು ಊರು. ಅಲ್ಲಿಯ ಶಾಲೆಯಲ್ಲಿ ರುದ್ರಮುನಿ ಎಂಬ ಉಪಾಧ್ಯಾಯನಿದ್ದ. ಅವನು ಪಾಠ ಹೇಳಿದರೆ ಕಲ್ಲಿಗೂ ತಿಳಿಯುತ್ತದೆ ಎಂದು ಜನ ಹೇಳುತ್ತಿದ್ದರು. ಅದನ್ನು ಕೇಳಿ ಅವನು ನಗುತ್ತಿದ್ದ, ಆದರೆ ನಂಬುತ್ತಲೂ ಇದ್ದ. ಆ ಶಾಲೆಗೂ ಒಂದು ಪರದೆ ಬಂತು. ರುದ್ರಮುನಿ ಅದನ್ನು ಸಂತೋಷದಿಂದಲೇ ಬರಮಾಡಿಕೊಂಡ. ಬಾಯಲ್ಲಿ ಹೇಳುವುದನ್ನು ಕಣ್ಣಿಗೂ ತೋರಿಸಬಹುದಲ್ಲ ಎಂಬುದು ಅವನ ಸಂತೋಷ.

ಮಳೆಗಾಲಕ್ಕೆ ಮೊದಲು ಏಳನೆಯ ತರಗತಿಗೆ ವಾಂತಿಭೇದಿಯ ಪಾಠ ಬಂತು. ಮಗುವಿಗೆ ಭೇದಿಯಾದರೆ ಮೈಯ ನೀರು ಹೋಗುತ್ತದೆ. ಆರೋಗ್ಯ ಕೇಂದ್ರದಲ್ಲಿ ಕೊಡುವ ಪುಡಿಯನ್ನು ನೀರಿಗೆ ಬೆರೆಸಿ ಕುಡಿಸಬೇಕು. ಪುಡಿ ಕೈಗೆ ಸಿಗುವವರೆಗೆ ಮನೆಯಲ್ಲೇ ಸಕ್ಕರೆ ಉಪ್ಪಿನ ನೀರು ಮಾಡಿ ಕುಡಿಸಬಹುದು. ಪರದೆಯ ಮೇಲೆ ಒಬ್ಬ ಹೆಂಗಸು ಗೆರೆ ಹಾಕಿದ ಗಾಜಿನ ಜಾಡಿ ಹಿಡಿದು ಬಂದಳು. ಕುದಿಸಿ ಆರಿಸಿದ ನೀರು ಒಂದು ಲೀಟರ್. ಸಕ್ಕರೆ ಆರು ಚಮಚ. ಉಪ್ಪು ಅರ್ಧ ಚಮಚ. ಅವಳು ಕಲಕಿದಳು, ಮಗು ಕುಡಿಯಿತು, ನಕ್ಕಿತು. ಏಳು ನಿಮಿಷಕ್ಕೆ ಪಾಠ ಮುಗಿಯಿತು.

“ಅರ್ಥವಾಯಿತೇ?” ಎಂದು ರುದ್ರಮುನಿ ಕೇಳಿದ.

“ಆಯಿತು ಸರ್” ಎಂದು ಮೂವತ್ತಾರು ಮಕ್ಕಳು ಒಂದೇ ರಾಗದಲ್ಲಿ ಹೇಳಿದರು.

ಆ ವಾರದ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ಹುಲಿಗೆಮ್ಮ ಎಂಬ ಹುಡುಗಿ ಒಂದಕ್ಷರ ತಪ್ಪಿಲ್ಲದೆ ಬರೆದಳು. ರುದ್ರಮುನಿ ಹತ್ತಕ್ಕೆ ಹತ್ತು ಕೊಟ್ಟು, ಅವಳ ಉತ್ತರವನ್ನು ತರಗತಿಗೆ ಓದಿ ತೋರಿಸಿದ.

ಎರಡು ತಿಂಗಳು ಕಳೆಯಿತು. ಮಳೆ ಹಿಡಿದು ಹಳ್ಳಕ್ಕೆ ಹೊಸ ನೀರು ಬಂದ ದಿನಗಳು. ಒಂದು ಸೋಮವಾರ ಹುಲಿಗೆಮ್ಮ ಶಾಲೆಗೆ ಬರಲಿಲ್ಲ. ಮಂಗಳವಾರವೂ ಇಲ್ಲ. ಬುಧವಾರ ಬೆಳಿಗ್ಗೆ ಅವಳ ತಾಯಿ ದ್ಯಾಮವ್ವ ಶಾಲೆಯ ಅಂಗಳಕ್ಕೆ ಬಂದು ನಿಂತಳು. ಕಣ್ಣು ಕೆಂಪಾಗಿದ್ದವು. ಮಾತು ಮಾತ್ರ ಮೆತ್ತಗಿತ್ತು.

“ಸರ, ನಮ್ಮ ಸಣ್ಣ ಕೂಸು ದೊಡ್ಡ ದವಾಖಾನ್ಯಾಗೈತ್ರಿ. ಭೇದಿ ಹತ್ತಿತ್ತು. ನಾ ಕಂಬಳಿ ಉಣ್ಣೆ ತೊಳ್ಯಾಕ ಹೋಗಿದ್ದೆ. ಹುಲಿಗಿ ನೀವು ಹೇಳಿಕೊಟ್ಟಂಗ ನೀರು ಮಾಡಿ ಕುಡಿಸ್ಯಾಳ. ಉಪ್ಪು ಭಾಳ ಆಗೇತಂತ್ರಿ. ಡಾಕ್ಟರು ಬೈದರು.”

ರುದ್ರಮುನಿ ಮೆಟ್ಟಿಲಿಳಿದು ಅವಳ ಬಳಿ ಬಂದ. “ಕೂಸು ಹೇಗಿದೆ?” ಎಂದ.

“ಇವತ್ತು ಕಣ್ಣು ಬಿಟ್ಟೈತ್ರಿ. ಉಳಿತೈತಿ ಅಂದರು. ಆದರ ಹುಲಿಗಿ ಊಟ ಬಿಟ್ಟಾಳ. ಸಾಲಿಗೆ ಒಲ್ಲೆ ಅಂತಾಳ. ಅದಕ್ಕ ಬಂದೆ.”

ಅವನು ಅವಳೊಂದಿಗೆ ಹೊರಟ. ದಾರಿಯುದ್ದಕ್ಕೂ ಅವನ ಮನಸ್ಸಿನಲ್ಲಿ ಒಂದೇ ಮಾತು. ಹುಡುಗಿ ಸರಿಯಾಗಿ ಬರೆದಿದ್ದಳು. ನಾನು ಸರಿಯಾಗಿ ಹೇಳಿದ್ದೆ. ಪರದೆಯೂ ಸರಿಯಾಗಿ ತೋರಿಸಿತ್ತು. ತಪ್ಪು ನನ್ನದಲ್ಲ ಎಂದು ಅವನು ತನಗೆ ತಾನೇ ಮೂರು ಸಲ ಹೇಳಿಕೊಂಡ. ಮೂರನೆಯ ಸಲ ಹೇಳಿಕೊಂಡಾಗ ಅವನಿಗೇ ನಾಚಿಕೆಯಾಯಿತು.

ಹುಲಿಗೆಮ್ಮ ಮಗ್ಗದ ಹಿಂದೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ಅವನು ನೆಲದ ಮೇಲೆ ಕೂತು, “ನೀರು ಹೇಗೆ ಮಾಡಿದೆ, ತೋರಿಸು” ಎಂದ.

ಅವಳು ಎದ್ದು ನೀರು ಕುಡಿಯುವ ಒಂದು ಹಿತ್ತಾಳೆಯ ಚರಿಗೆ ತಂದಿಟ್ಟಳು. ಅದರ ಪಕ್ಕ ಒಂದು ಚಮಚ ಇಟ್ಟಳು. ಅದು ಪಲ್ಯ ಬಡಿಸುವ ಚಮಚ.

“ಲೀಟರ್ ನೀರು ಅಂತ ಬರೆದಿದ್ದೆಯಲ್ಲ, ಹುಲಿಗೆಮ್ಮ?”

“ಬರದಿದ್ದೆ ಸರ. ಈ ಚರಿಗಿ ತುಂಬಿದರ ಲೀಟರ್ ಅಂತ ಮಾಡಿದ್ದೆ.”

“ಚಮಚ ಇಷ್ಟು ದೊಡ್ಡದು ಯಾಕೆ ತೆಗೆದುಕೊಂಡೆ?”

“ಪರದೆ ಮ್ಯಾಗ ದೊಡ್ಡದಿತ್ತಲ್ರಿ” ಎಂದಳು ಹುಲಿಗೆಮ್ಮ. ಆಮೇಲೆ ತಲೆ ತಗ್ಗಿಸಿ, “ಕೂಸು ಒಲ್ಲೆ ಅಂತ ಮಾರಿ ತಿರುವಿತ್ತು. ಔಷಧ ಅಂತ ನಾನೇ ಹಿಡಿದು ಕುಡಿಸಿದೆ” ಎಂದಳು.

ರುದ್ರಮುನಿ ಆ ಚರಿಗೆಯನ್ನು ನೋಡಿದ. ಅದರಲ್ಲಿ ಅರ್ಧ ಲೀಟರ್ ಕೂಡ ಹಿಡಿಯುತ್ತಿರಲಿಲ್ಲ. ಪರದೆಯ ಮೇಲಿನ ಚಮಚ ನಿಜಕ್ಕೂ ಮೊಳದುದ್ದ ಇತ್ತು. ಇಪ್ಪತ್ತು ವರ್ಷ ಪಾಠ ಹೇಳಿದವನಿಗೆ ಅದು ಹೊಳೆದಿರಲಿಲ್ಲ.

“ಆ ದಿನವೇ ನನ್ನನ್ನು ಏಕೆ ಕೇಳಲಿಲ್ಲ, ಮಗಳೇ?”

“ಎಲ್ಲಾರೂ ಆಯಿತು ಅಂದರಲ್ರಿ” ಎಂದಳು ಹುಲಿಗೆಮ್ಮ.

ಮರುದಿನ ಅವನು ತರಗತಿಗೆ ಹೋದ. ತನ್ನ ಪಾಠದಲ್ಲಿ ಎಲ್ಲೋ ಕೊರತೆ ಉಳಿದಿದೆ, ಇನ್ನೂ ಬಿಡಿಸಿ ಹೇಳಬೇಕು ಎಂದು ಅವನಿಗೆ ತೋರಿತು. ಪರದೆಯ ಪಾಠವನ್ನು ಎರಡು ಸಲ ಹಾಕಿದ. ನಡುನಡುವೆ ನಿಲ್ಲಿಸಿ ವಿವರಿಸಿದ. ಚಮಚ ಎಂದರೆ ಚಹಾದ ಚಮಚ, ರಾಶಿ ಹಾಕದೆ ಮಟ್ಟ ಮಾಡಿದ ಚಮಚ ಎಂದು ಹಲಗೆಯ ಮೇಲೆ ಬರೆದ. ಗಂಟಲು ನೋಯುವಷ್ಟು ಹೇಳಿದ. ಕೊನೆಗೆ, “ಅರ್ಥವಾಯಿತೇ?” ಎಂದು ಕೇಳಿದ.

“ಆಯಿತು ಸರ್” ಎಂದರು ಮಕ್ಕಳು. ಅದೇ ರಾಗ.

ರುದ್ರಮುನಿಗೆ ಭಯವಾಯಿತು. ಇಷ್ಟು ವರ್ಷ ಈ ರಾಗವನ್ನೇ ತಿಳಿವಳಿಕೆ ಎಂದುಕೊಂಡು ತಾನು ಮನೆಗೆ ಹೋಗುತ್ತಿದ್ದೆನಲ್ಲ ಎನಿಸಿತು. ಅವನು ಪರದೆಯನ್ನು ಆರಿಸಿದ. ಕುರ್ಚಿಯ ಮೇಲೆ ಕೂತ. “ನಾಳೆ ನಿಮ್ಮ ಮನೆಯಲ್ಲಿ ನೀರು ಕುಡಿಯುವ ಪಾತ್ರೆಯನ್ನೂ ಒಂದು ಚಮಚವನ್ನೂ ತನ್ನಿ” ಎಂದ.

ಮರುದಿನ ಮೂವತ್ತೈದು ಪಾತ್ರೆಗಳು ಬಂದವು. ತಂಬಿಗೆ, ಲೋಟ, ಸ್ಟೀಲಿನ ಗ್ಲಾಸು, ಹಿಡಿ ಮುರಿದ ಪ್ಲಾಸ್ಟಿಕ್ ಮಗ್ಗು. ಒಬ್ಬಳು ಕೊಡವನ್ನೇ ಹೊತ್ತು ತಂದಿದ್ದಳು. ಒಂದರಂತೆ ಇನ್ನೊಂದು ಇರಲಿಲ್ಲ. ರುದ್ರಮುನಿ ಅಂಗಡಿಯಲ್ಲಿ ಮಾರುವ ಒಂದು ಲೀಟರಿನ ನೀರಿನ ಬಾಟಲಿಯೊಂದನ್ನು ನಡುವೆ ಇಟ್ಟ.

“ನಿಮ್ಮ ಮನೆಯಲ್ಲಿ ಆ ಸಕ್ಕರೆ ಉಪ್ಪಿನ ನೀರನ್ನು ಹೇಗೆ ಮಾಡುತ್ತೀರಿ? ನಾಲ್ಕು ನಾಲ್ಕು ಜನ ಕೂತು ಕಂಡುಹಿಡಿಯಿರಿ. ಒಬ್ಬರದು ಸರಿಯಾದರೆ ಸಾಲದು. ನಾಲ್ವರ ಮನೆಯ ಲೆಕ್ಕವೂ ನಾಲ್ವರಿಗೂ ಬರಬೇಕು” ಎಂದು ಹೇಳಿ ಸುಮ್ಮನೆ ಕೂತ.

ಸುಮ್ಮನೆ ಕೂರುವುದು ಅವನಿಗೆ ಬಹಳ ಕಷ್ಟವಾಯಿತು. ಮಕ್ಕಳು ನೀರು ಚೆಲ್ಲಿದರು. ತಪ್ಪು ಎಣಿಸಿದರು. ಜಗಳವಾಡಿದರು. ಉತ್ತರ ಅವನ ನಾಲಗೆಯ ತುದಿಗೆ ಬಂದು ನಿಲ್ಲುತ್ತಿತ್ತು. ಅವನು ನುಂಗಿಕೊಳ್ಳುತ್ತಿದ್ದ. ಕಂಠಪಾಠದಲ್ಲಿ ಮುಂದಿದ್ದ ಮಕ್ಕಳು ಕೆಲವರು ಕೈಕಟ್ಟಿ ಕೂತರು. ಎಂದೂ ಬಾಯಿ ಬಿಡದ ಮಾಬೂಬಿ ಎಂಬ ಹುಡುಗಿ ಒಂದು ಹನಿ ಚೆಲ್ಲದೆ ಅಳೆದು, “ನಮ್ಮನಿ ಗ್ಲಾಸು ಐದು ತುಂಬಿದರ ಒಂದು ಬಾಟ್ಲಿ” ಎಂದಳು. ಉಳಿದವರು ನಂಬದೆ ತಾವೂ ಅಳೆದು ನೋಡಿದರು. ಐದೇ ಆಯಿತು.

ಎರಡನೆಯ ದಿನ ಅದೇ ಮಾಬೂಬಿ ಎದ್ದು ನಿಂತಳು. “ಸರ, ನಮ್ಮನ್ಯಾಗ ಪುಡಿ ಉಪ್ಪಿಲ್ಲ. ಹರಳುಪ್ಪು ಐತಿ. ಅರ್ಧ ಚಮಚ ಅಂದರ ಎರಡೂ ಒಂದೇ ಏನ್ರಿ?”

“ಒಂದೇ” ಎಂದ ರುದ್ರಮುನಿ.

“ಒಂದೇ ಅಲ್ಲ ಅನಸ್ತೈತ್ರಿ” ಎಂದಳು ಅವಳು. ಕೂಡಲೇ ಹೆದರಿ ಕೂತುಬಿಟ್ಟಳು.

ರುದ್ರಮುನಿಗೆ ಮೊದಲು ಬಂದದ್ದು ಸಿಟ್ಟು. ಆದರೆ ಕೂತವಳ ಮುಖ ನೋಡಿದಾಗ ಅವನಿಗೆ ಮಗ್ಗದ ಹಿಂದಿನ ಹುಡುಗಿ ನೆನಪಾದಳು. “ನನಗೂ ಖಚಿತವಿಲ್ಲ. ಹೇಗೆ ತಿಳಿಯುವುದು?” ಎಂದ. ಅವನ ಬಾಯಿಂದ ಅಂಥ ಮಾತನ್ನು ಮಕ್ಕಳು ಅದೇ ಮೊದಲು ಕೇಳಿದ್ದು. ಅವರು ಕಿರಾಣಿ ಅಂಗಡಿಗೆ ಹೋಗಿ ಸಣ್ಣ ತಕ್ಕಡಿಯಲ್ಲಿ ತೂಗಿದರು. ಒಂದೇ ಆಗಿರಲಿಲ್ಲ. ಹರಳುಪ್ಪಿನ ಚಮಚ ಒಮ್ಮೆ ಒಂದು ತೂಕ ತೋರಿಸಿದರೆ ಮತ್ತೊಮ್ಮೆ ಇನ್ನೊಂದು ತೋರಿಸಿತು. ಹರಳನ್ನು ಕುಟ್ಟಿ ಪುಡಿ ಮಾಡಿ ಅಳೆದರೆ ಮಾತ್ರ ಪ್ರತಿ ಸಲವೂ ಒಂದೇ ತೂಕ ಬರುತ್ತದೆ ಎಂದು ಮಕ್ಕಳೇ ಕಂಡುಕೊಂಡರು. ಆಮೇಲೆ ಆರೋಗ್ಯ ಕೇಂದ್ರದ ನರ್ಸಮ್ಮನನ್ನು ಕರೆತಂದು ತೋರಿಸಿದರು. ಅವಳು ಎಲ್ಲವನ್ನೂ ನೋಡಿ, ಸರಿ ಎಂದಳು. ನೀರು ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿಬಿಡಬೇಕು, ಕೇಂದ್ರದ ಪುಡಿ ಸಿಕ್ಕ ಕೂಡಲೇ ಅದನ್ನೇ ಕೊಡಬೇಕು ಎಂದೂ ಹೇಳಿದಳು.

ಮೂರನೆಯ ದಿನ ಒಂದು ಗುಂಪು ಎದ್ದು ನಿಂತಿತು. ಆ ಗುಂಪಿನಲ್ಲಿ ಮೂವರೇ ಇದ್ದರು. ಮಾಬೂಬಿ ಅವರ ಪರವಾಗಿ ಮಾತಾಡಿದಳು. ಈ ಸಲ ಅವಳು ಹೆದರಲಿಲ್ಲ.

“ಸರ, ನಮ್ಮ ಗುಂಪಿನ ನಾಲ್ಕನೆಯಾಕಿ ಹುಲಿಗೆಮ್ಮ. ಆಕಿ ಚರಿಗಿ ಇಲ್ಲದ ನಮ್ಮ ಲೆಕ್ಕ ಮುಗಿಯಂಗಿಲ್ಲ. ಕರಕೊಂಡು ಬರತೀವ್ರಿ.”

ಇದನ್ನು ರುದ್ರಮುನಿ ಯೋಚಿಸಿರಲಿಲ್ಲ. ಅವನು ಎರಡು ಸಲ ಆ ಮನೆಗೆ ಹೋಗಿ ಕರೆದಿದ್ದ. ನಿನ್ನ ತಪ್ಪಲ್ಲ ಎಂದು ಹೇಳಿದ್ದ. ಹುಡುಗಿ ಕದಲಿರಲಿಲ್ಲ. ಈಗ ಮೂವರು ಗೆಳತಿಯರು ಹೋಗಿ, ನಿನ್ನ ತಪ್ಪೋ ಅಲ್ಲವೋ ಎಂಬ ಮಾತನ್ನೇ ಎತ್ತದೆ, ನಿನ್ನ ಚರಿಗೆ ಬೇಕು ಎಂದರು. ಹುಲಿಗೆಮ್ಮ ಚರಿಗೆಯನ್ನು ಕೊಟ್ಟಳು. ಬರೀ ಚರಿಗೆ ತೆಗೆದುಕೊಂಡು ಏನು ಮಾಡೋಣ, ನೀನೇ ಅಳೆಯಬೇಕು ಎಂದರು. ಅವಳು ಬಂದಳು.

ಅವಳು ಅಳೆದಳು. ಎರಡೂವರೆ ಚರಿಗೆಗೆ ಒಂದು ಲೀಟರ್. ಅದನ್ನು ನೋಡುತ್ತ ಸ್ವಲ್ಪ ಹೊತ್ತು ಕೂತಳು. ಅವಳ ಕಣ್ಣಲ್ಲಿ ನೀರು ಬಂತು. ಮಾಬೂಬಿ ಬಾಟಲಿಯನ್ನು ಬರಿದು ಮಾಡಿ, “ಇನ್ನೊಮ್ಮೆ ಅಳಿ, ನಾ ಎಣಸ್ತೀನಿ” ಎಂದಳು.

ನೀರು ಕಲಸಿ ರುಚಿ ನೋಡುವ ಹೊತ್ತಿಗೆ ಗುಂಪುಗಳಲ್ಲಿ ಮತ್ತೆ ವಾದ ಎದ್ದಿತು. ಒಬ್ಬರಿಗೆ ಸರಿ ಎನಿಸಿದ್ದು ಇನ್ನೊಬ್ಬರಿಗೆ ಉಪ್ಪು ಎನಿಸುತ್ತಿತ್ತು. ಆಗ ಹುಲಿಗೆಮ್ಮ ಮೊದಲ ಸಲ ತಾನಾಗಿ ಮಾತಾಡಿದಳು. ತಂಗಿ ಆಸ್ಪತ್ರೆಗೆ ಹೋದ ಮೇಲೆ ಚರಿಗೆಯಲ್ಲಿ ಉಳಿದ ನೀರನ್ನು ತಾನು ಕುಡಿದು ನೋಡಿದೆ ಎಂದಳು. ಆ ರುಚಿ ತನಗೆ ಗೊತ್ತಿದೆ ಎಂದಳು. ನಾಲಗೆ ಒಣಗಿದ್ದು, ಅತ್ತರೂ ಕಣ್ಣೀರು ಬಾರದೆ ಹೋದದ್ದು, ಮಂಪರು ಹತ್ತಿದ್ದು, ತಂಗಿಗೆ ಆದದ್ದನ್ನೆಲ್ಲ ಒಂದೊಂದಾಗಿ ಹೇಳಿದಳು. ಆಮೇಲೆ ಪ್ರತಿ ಗುಂಪೂ ತನ್ನ ನೀರನ್ನು ಅವಳ ಮುಂದೆ ತಂದಿಟ್ಟಿತು. ಅವಳು ಒಂದೊಂದನ್ನೂ ರುಚಿ ನೋಡಿ, ಇದು ಆಗುತ್ತದೆ, ಇದು ಚೆಲ್ಲಿರಿ ಎಂದಳು. ಅವಳು ಚೆಲ್ಲಿರಿ ಎಂದದ್ದನ್ನು ಮಕ್ಕಳು ಮತ್ತೆ ಅಳೆದು ನೋಡಿದಾಗಲೆಲ್ಲ ಎಲ್ಲೋ ಒಂದು ತಪ್ಪು ಸಿಕ್ಕಿತು.

ಕೊನೆಗೆ ಮಕ್ಕಳು ಪರದೆ ತಮಗೆ ಬೇಕೆಂದು ಕೇಳಿದರು. ತಾವೇ ಒಂದು ಪಾಠ ಮಾಡಿ ಅದರಲ್ಲಿ ಹಾಕಬೇಕು ಎಂದರು. ರುದ್ರಮುನಿ ತನ್ನ ಫೋನನ್ನು ಅವರ ಕೈಗೆ ಕೊಟ್ಟ. ಒಬ್ಬ ಹುಡುಗ ಚಮಚವೊಂದನ್ನೇ ಹತ್ತಿರದಿಂದ ಹಿಡಿಯಲು ಹೋದ. ಹುಲಿಗೆಮ್ಮ ತಡೆದಳು.

“ಚಮಚದ ಬಾಜೂಕ ಕೈ ಇಡ್ರಿ. ಇಲ್ಲಂದರ ಅದು ಎಷ್ಟು ದೊಡ್ಡದು ಅಂತ ನೋಡೋರಿಗೆ ತಿಳಿಯಂಗಿಲ್ಲ.”

ಆ ಪಾಠದಲ್ಲಿ ಎಲ್ಲ ಚಮಚಗಳ ಪಕ್ಕದಲ್ಲೂ ಒಂದು ಕೈ ಇದೆ. ಅದರಲ್ಲಿ ಮೂವತ್ತಾರು ಮನೆಗಳ ಪಾತ್ರೆಗಳಿವೆ. ತಾಯಂದಿರನ್ನು ಶಾಲೆಗೆ ಕರೆದು ಅದನ್ನು ತೋರಿಸಿದರು. ಅವರು ಸುಮ್ಮನೆ ನೋಡಲಿಲ್ಲ. ಅದು ನಮ್ಮ ತಂಬಿಗೆ, ಅದರ ತಳ ಸೀಳಿದೆ, ಅದರಲ್ಲಿ ಅಳೆಯಬೇಡಿರಿ ಎಂದು ನಡುವೆ ಬಾಯಿ ಹಾಕಿದರು. ಮಕ್ಕಳು ಅದನ್ನು ತಿದ್ದಿಕೊಂಡರು.

ಇಷ್ಟಾಗುವಾಗ ಒಂಬತ್ತು ದಿನ ಕಳೆದಿತ್ತು. ಮುಖ್ಯೋಪಾಧ್ಯಾಯರು ರುದ್ರಮುನಿಯನ್ನು ಕರೆಸಿದರು. ಅವರು ಕೆಟ್ಟವರಲ್ಲ, ಮೇಲಿನವರಿಗೆ ಉತ್ತರ ಕೊಡಬೇಕಾದವರು. “ಏಳು ನಿಮಿಷದ ಪಾಠಕ್ಕೆ ಒಂಬತ್ತು ದಿನ ತೆಗೆದುಕೊಂಡಿದ್ದೀರಿ. ಉಳಿದ ಪಾಠಗಳ ಗತಿ ಏನು?” ಎಂದರು.

“ಏಳು ನಿಮಿಷದಲ್ಲಿ ಮುಗಿದದ್ದು ನನ್ನ ಪಾಠ ಸರ್. ಮಕ್ಕಳದು ಆಗ ಶುರುವೇ ಆಗಿರಲಿಲ್ಲ” ಎಂದ ರುದ್ರಮುನಿ.

ಮುಖ್ಯೋಪಾಧ್ಯಾಯರು ಒಪ್ಪಲಿಲ್ಲ. ಉಳಿದ ಪಾಠಗಳು ಹಿಂದೆ ಬಿದ್ದದ್ದೂ ನಿಜ. ರುದ್ರಮುನಿ ಎರಡು ತಿಂಗಳು ಶನಿವಾರದ ಮಧ್ಯಾಹ್ನಗಳನ್ನು ಅದಕ್ಕೆ ಕೊಡಬೇಕಾಯಿತು. ಎಲ್ಲ ಪಾಠವನ್ನೂ ಹಾಗೆ ಮಾಡಲು ಅವನಿಂದ ಆಗಲೂ ಇಲ್ಲ. ಕೆಲವನ್ನು ಹಿಂದಿನಂತೆ ಹೇಳಿಯೇ ಮುಗಿಸಿದ. ಆದರೆ ಅರ್ಥವಾಯಿತೇ ಎಂದು ಮತ್ತೆಂದೂ ಕೇಳಲಿಲ್ಲ. ಅದರ ಬದಲು, ನಿನಗೆ ತಿಳಿದದ್ದನ್ನು ಪಕ್ಕದವಳಿಗೆ ಮಾಡಿ ತೋರಿಸು ಎನ್ನುತ್ತಿದ್ದ. ತೋರಿಸುವಾಗ ಕೈ ತಡವರಿಸಿದಲ್ಲಿ ತಾನು ಹೋಗಿ ಪಕ್ಕದಲ್ಲಿ ಕೂರುತ್ತಿದ್ದ.

ಮರುವರ್ಷ ಮತ್ತೆ ಹೊಸ ನೀರು ಬಂತು. ಒಂದು ಸಂಜೆ ರುದ್ರಮುನಿ ನೇಕಾರರ ಓಣಿಯಲ್ಲಿ ಹೋಗುತ್ತಿದ್ದ. ಮಾಬೂಬಿಯ ಮನೆಯ ಮುಂದೆ ನಾಲ್ಕು ಜನ ಸೇರಿದ್ದರು. ಅವಳ ಅಣ್ಣನ ಮಗುವಿಗೆ ಭೇದಿ ಹತ್ತಿತ್ತು. ಮಾಬೂಬಿ ಪುಡಿ ತರಲು ಆರೋಗ್ಯ ಕೇಂದ್ರಕ್ಕೆ ಓಡಿದ್ದಳು. ಒಳಗೆ ಮಗುವಿನ ಅಜ್ಜಿ ಕೈಯಲ್ಲಿ ಗ್ಲಾಸು ಹಿಡಿದು, ಏನು ಮಾಡಬೇಕೆಂದು ತೋಚದೆ ನಿಂತಿದ್ದಳು.

ರುದ್ರಮುನಿಯ ಕಾಲು ತಾನಾಗಿ ಹೊಸ್ತಿಲ ಕಡೆ ತಿರುಗಿತು. ಅಷ್ಟರಲ್ಲಿ ಒಳಗಿನಿಂದ ದನಿ ಕೇಳಿತು. ಹುಲಿಗೆಮ್ಮ ಅವನಿಗಿಂತ ಮೊದಲೇ ಬಂದಿದ್ದಳು.

“ಅಮ್ಮಾ, ಇದು ಮಾಬೂಬಿ ಸಾಲಿಗೆ ತಂದಿದ್ದ ಗ್ಲಾಸಲ್ಲ. ಗೀರು ಬಿದ್ದ ಗ್ಲಾಸು ಎಲ್ಲೈತಿ? ಅದು ಐದು ತುಂಬಬೇಕು. ಹರಳುಪ್ಪು ನಾ ಕುಟ್ಟತೀನಿ. ನೀವು ಆರಿದ ನೀರು ಅಳೀರಿ.”

ಅಜ್ಜಿ ಅಳೆದಳು. ಹುಲಿಗೆಮ್ಮ ಎಣಿಸಿದಳು. ಕಲಕಿದ ಮೇಲೆ ಮೊದಲು ತಾನು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿಕೊಂಡಳು. ಆಮೇಲೆ ಚಮಚವನ್ನು ಅಜ್ಜಿಯ ಕೈಗೆ ಕೊಟ್ಟು, ಸ್ವಲ್ಪಸ್ವಲ್ಪವಾಗಿ ಕುಡಿಸಲು ಹೇಳಿದಳು. ಮಗು ಮುಖ ತಿರುಗಿಸಲಿಲ್ಲ. ಸ್ವಲ್ಪ ಹೊತ್ತಿಗೆ ಮಾಬೂಬಿ ಪುಡಿ ಹಿಡಿದು ಏದುಸಿರಿನಲ್ಲಿ ಬಂದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ರುದ್ರಮುನಿ ಒಳಗೆ ಹೋಗಲಿಲ್ಲ. ತನ್ನನ್ನು ಯಾರೂ ಕರೆಯಲಿಲ್ಲ, ಯಾರಿಗೂ ತಾನು ಬೇಕಾಗಲಿಲ್ಲ ಎಂಬುದು ಅವನಿಗೆ ತಿಳಿಯಿತು. ಮೊದಲಾಗಿದ್ದರೆ ಅದು ನೋಯುತ್ತಿತ್ತು. ಆ ಸಂಜೆ ಅವನು ಹಗುರಾಗಿ ಮನೆಗೆ ನಡೆದ. ಮಗು ಮೂರು ದಿನಕ್ಕೆ ಅಂಗಳದಲ್ಲಿ ಆಡುತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು. ನೀಲಾಂಬಿಕೆ, “ಹಾಗಾದರೆ ತಪ್ಪು ಪರದೆಯದೇ, ಗುರುಗಳೇ?” ಎಂದು ಕೇಳಿದಳು.

“ಪರದೆ ಒಂದು ಸುಳ್ಳನ್ನೂ ಹೇಳಲಿಲ್ಲ” ಎಂದರು ಗುರುಗಳು.

“ರುದ್ರಮುನಿಯೂ ಸುಳ್ಳು ಹೇಳಲಿಲ್ಲ. ಹುಡುಗಿಯೂ ಸರಿಯಾಗಿಯೇ ಬರೆದಿದ್ದಳು. ಮತ್ತೆ ತಪ್ಪು ಎಲ್ಲಿತ್ತು?” ಎಂದಳು ನೀಲಾಂಬಿಕೆ.

ಗುರುಗಳು ಅವಳ ಮುಖವನ್ನು ನೋಡಿದರು.

“ನಿನ್ನ ತರಗತಿಯಲ್ಲಿ ಎದ್ದು ನಿಂತು, ನನಗೆ ತಿಳಿಯಲಿಲ್ಲ ಎಂದು ಕೊನೆಯ ಸಲ ಹೇಳಿದ ಮಗುವಿನ ಹೆಸರೇನು, ತಾಯಿ?”

ನೀಲಾಂಬಿಕೆ ಬಾಯಿ ತೆರೆದಳು. ಯಾವ ಹೆಸರೂ ಬರಲಿಲ್ಲ.